ತಂಗಿಯ ಅಂಗಡಿಗೆ ಎರಡು ಸಾಲು

ವಿಳಾಸಮ್ಮ ಎಂಬುದು ಅವಳ ಹೆಸರಲ್ಲ. ಪತ್ರಿಕೆಯ ಕಚೇರಿಯಲ್ಲಿ ಯಾರೋ ತಮಾಷೆಗೆ ಇಟ್ಟದ್ದು, ಇಪ್ಪತ್ತೆರಡು ವರ್ಷ ಅಂಟಿಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಫೋನು ಮಾಡುವವರು, ಕಾಗದ ಬರೆಯುವವರು, ಕೊನೆಗೆ ಸಂಪಾದಕರೂ ಅವಳನ್ನು ವಿಳಾಸಮ್ಮ ಎಂದೇ ಕರೆಯುತ್ತಿದ್ದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಪುರಸೊತ್ತು ಬೇಕಲ್ಲ.

ಹನ್ನೊಂದನೇ ಪುಟದ ಬಲಗಡೆಯ ಕಾಲಂ ಅವಳದು. ಮೇಲೆ ‘ಎಲ್ಲಿ ಸಿಗುತ್ತೆ?’ ಎಂದು ದಪ್ಪ ಅಕ್ಷರ. ಮುರಿದ ಕೊಡೆಗೆ ಕಡ್ಡಿ ಕೂರಿಸುವವರು ಎಲ್ಲಿ, ಒಂದು ಕಾಲು ಗಿಡ್ಡ ಇರುವವರಿಗೆ ಅಳತೆ ತೆಗೆದು ಚಪ್ಪಲಿ ಹೊಲಿಯುವವರು ಎಲ್ಲಿ, ನಿಂತುಹೋದ ಗೋಡೆ ಗಡಿಯಾರವನ್ನು ಮತ್ತೆ ನಡೆಸುವವರು ಎಲ್ಲಿ, ಎಲ್ಲವೂ ಅಲ್ಲಿ ಬರುತ್ತಿತ್ತು. ಮೊದಲ ಪುಟದ ಸುದ್ದಿಯನ್ನು ಜನ ನಂಬುತ್ತಿದ್ದರೋ ಇಲ್ಲವೋ, ಹನ್ನೊಂದನೇ ಪುಟದ ವಿಳಾಸವನ್ನು ಕಣ್ಣುಮುಚ್ಚಿ ನಂಬುತ್ತಿದ್ದರು. ಯಾಕೆಂದರೆ ತಾನು ಹೋಗಿ ನೋಡದ ಜಾಗವನ್ನು ಅವಳು ಬರೆಯುತ್ತಿರಲಿಲ್ಲ. ಎಷ್ಟನೇ ತಿರುವು, ಬಾಗಿಲಿಗೆ ಯಾವ ಬಣ್ಣ, ಗಂಟೆ ಒತ್ತಬೇಕೋ ಕೂಗಬೇಕೋ ಎಂಬುದೂ ಅಲ್ಲಿ ಇರುತ್ತಿತ್ತು. ಅವಳ ಕಾಲಂ ಹಿಡಿದುಕೊಂಡು ಹೊರಟವರು ದಾರಿ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ವರ್ಷಕ್ಕೊಮ್ಮೆ ಈ ಕಾಲಂ ಇಡೀ ಪುಟ ಆಗುತ್ತಿತ್ತು. ಅದು ರಜೆ ಕಾಫಿಯ ಪಟ್ಟಿ.

ವರ್ಷ ಮುಗಿಯುವ ಹೊತ್ತಿಗೆ ಶಾಲೆಗಳು ಮುಚ್ಚುತ್ತವೆ, ಹೊತ್ತು ಬೇಗ ಮುಳುಗುತ್ತದೆ, ಜನ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಬೀದಿ ಸುತ್ತುತ್ತಾರೆ. ಆ ನಾಲ್ಕು ವಾರ ಮಾತ್ರ ಕಾಫಿ ಅಂಗಡಿಗಳವರು ಒಂದೊಂದು ವಿಶೇಷ ಕಾಫಿ ಮಾಡುತ್ತಾರೆ. ಒಬ್ಬರು ದಾಲ್ಚಿನ್ನಿ ಹಾಕಿದರೆ ಇನ್ನೊಬ್ಬರು ಜಾಯಿಕಾಯಿ ತೇಯುತ್ತಾರೆ, ಮತ್ತೊಬ್ಬರು ಶುಂಠಿ ಬಿಸ್ಕತ್ತು ಪುಡಿಮಾಡಿ ಮೇಲೆ ಉದುರಿಸುತ್ತಾರೆ. ದೊಡ್ಡ ಹೋಟೆಲಿನವರದ್ದಂತೂ ಕೇಳಬೇಡಿ, ಕೆನೆಯ ಗುಡ್ಡ ಅಗೆದು ಅಗೆದು ಕೊನೆಗೆ ಕಾಫಿ ಸಿಕ್ಕಿದರೆ ನಿಮ್ಮ ಪುಣ್ಯ. ರಜೆ ಮುಗಿದ ಮಾರನೆಯ ದಿನ ಕೇಳಿದರೆ ಯಾರ ಬಳಿಯೂ ಇಲ್ಲ. ಹಾಗಾಗಿ ಯಾವುದು ಎಲ್ಲಿ ಸಿಗುತ್ತದೆ ಎಂದು ಜನಕ್ಕೆ ಬೇಕಿತ್ತು. ಪಟ್ಟಿ ಬರುವ ಶುಕ್ರವಾರ ಪತ್ರಿಕೆ ಎರಡು ಪಟ್ಟು ಅಚ್ಚಾಗುತ್ತಿತ್ತು.

ಇದಕ್ಕೆ ಅವಳದೇ ಕಟ್ಟಳೆಗಳಿದ್ದವು. ಅದೇ ವರ್ಷ, ಅದೇ ರಜೆಯಲ್ಲಿ, ತಾನೇ ಹೋಗಿ, ಯಾರೆಂದು ಹೇಳದೆ, ಒಂದು ಲೋಟ ಪೂರ್ತಿ ಕುಡಿಯಬೇಕು. ಹೋದ ವರ್ಷ ಚೆನ್ನಾಗಿತ್ತು ಎಂಬುದು ಲೆಕ್ಕಕ್ಕಿಲ್ಲ. ದಿನಕ್ಕೆ ಮೂರಕ್ಕಿಂತ ಹೆಚ್ಚು ಅಂಗಡಿ ಇಲ್ಲ, ನಡುವೆ ಒಣ ಬ್ರೆಡ್ಡು ಅಗಿದು ನಾಲಿಗೆ ತೊಳೆದುಕೊಳ್ಳಬೇಕು. ಬರೆಯುವುದು ಎಲ್ಲರಿಗೂ ಎರಡೇ ಸಾಲು. ಮೊದಲನೆಯದು ಕಾಫಿ ಹೇಗಿದೆ ಎಂದು, ಎರಡನೆಯದು ಹೇಗೆ ಹೋಗಬೇಕು ಎಂದು. ಅರಮನೆಯಂಥ ಹೋಟೆಲಿಗೂ ಎರಡು, ತಳ್ಳುಗಾಡಿಗೂ ಎರಡು. ಅವಳ ನಾಲಿಗೆಯಂತೂ ಪೊಲೀಸಿನವರ ಹಾಗೆ; ಹಾಲಿಗೆ ನೀರು ಬೆರೆಸಿದ್ದರೆ ಬೆರೆಸಿದವರ ಮುಖ ನೋಡದೆಯೇ ಹೇಳುತ್ತಿತ್ತು.

ಅಂಥವಳಿಗೆ ಒಬ್ಬಳು ತಂಗಿ. ತಂಗಿಗೂ ಒಂದು ಕಾಫಿ ಅಂಗಡಿ.

ಆರು ವರ್ಷಕ್ಕೆ ಚಿಕ್ಕವಳು. ಅಮ್ಮ ದಿನವಿಡೀ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ತಂಗಿಗೆ ಜಡೆ ಹಾಕಿದ್ದು, ಅಕ್ಷರ ತಿದ್ದಿಸಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತಿದ್ದು ಎಲ್ಲ ಅಕ್ಕನೇ. ಅಕ್ಕ ಮದುವೆಯಾಗಲಿಲ್ಲ, ತಂಗಿ ಆದಳು. ಗಂಡ ತೀರಿಕೊಂಡ ಮೇಲೆ ತಂಗಿ ಮಗಳನ್ನು ಕಟ್ಟಿಕೊಂಡು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಅಂಗಡಿ ತೆರೆದಳು. ಮೂರು ಮೆಟ್ಟಿಲು ಇಳಿಯಬೇಕು. ಒಳಗೆ ಒಂದು ಕೌಂಟರು, ಐದು ಸ್ಟೂಲು, ತಲೆಯ ಮೇಲೆ ನೀರಿನ ಪೈಪು. ಕಿಟಕಿಯಲ್ಲಿ ಬೀದಿಯವರ ಪಾದಗಳಷ್ಟೇ ಕಾಣುತ್ತಿದ್ದವು. ಬಸ್ಸಿನ ಡ್ರೈವರುಗಳು, ಟಿಕೆಟ್ ಕೊಡುವವರು, ಎದುರಿನ ಆಸ್ಪತ್ರೆಯ ನರ್ಸುಗಳು ಬರುತ್ತಿದ್ದರು.

ಮೊದಲ ರಜೆ ಬಂದಾಗ ತಂಗಿ ಕಿತ್ತಳೆ ಕಾಫಿ ಮಾಡಿದಳು. ಕಿತ್ತಳೆ ಸಿಪ್ಪೆಯನ್ನು ದಾರಕ್ಕೆ ಪೋಣಿಸಿ ಬಾಯ್ಲರಿನ ಮೇಲೆ ಒಣಗಿಸುವುದು, ಕಬ್ಬಿಣದ ಬಾಣಲೆಯಲ್ಲಿ ಸಕ್ಕರೆ ಸುಡುವುದು, ಅದು ಕಹಿಯಾಗುವುದಕ್ಕೆ ಒಂದು ಕ್ಷಣ ಮುಂಚೆ ಸಿಪ್ಪೆ ಹಾಕಿ ಮೇಲೆ ಗಟ್ಟಿ ಕಾಫಿ ಸುರಿಯುವುದು. ಹಾಲಿಲ್ಲ, ಕೆನೆಯಿಲ್ಲ. ಅಷ್ಟೇ. ಆದರೆ ಆ ನಾಲ್ಕು ವಾರ ಅವಳ ಮೆಟ್ಟಿಲಿನಿಂದ ಬೀಗ ರಿಪೇರಿಯವನ ಅಂಗಡಿಯವರೆಗೂ ಜನ ನಿಂತಿರುತ್ತಿದ್ದರು.

ಆ ವರ್ಷದ ಪಟ್ಟಿಯಲ್ಲಿ ತಂಗಿಯ ಅಂಗಡಿ ಇರಲಿಲ್ಲ. ಸಂಜೆ ತಂಗಿಯೇ ಪತ್ರಿಕೆ ಹಿಡಿದುಕೊಂಡು ಅಕ್ಕನ ಮನೆಗೆ ಬಂದಳು.

“ನಂದು ಬಿಟ್ಟು ಹೋಗಿದ್ಯಲ್ಲಕ್ಕ?”

“ಬಿಟ್ಟು ಹೋಗಿಲ್ಲ. ಹಾಕಿಲ್ಲ.” ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು. “ಸ್ವಂತ ತಂಗಿ ಅಂಗಡಿ ಹಾಕಿದ್ರೆ ನಾಳೆಯಿಂದ ನನ್ನ ಪಟ್ಟೀನ ಯಾರು ನಂಬ್ತಾರೆ ಹೇಳು? ಉಳಿದ ಮೂವತ್ತು ಜನ ಏನಂತಾರೆ?”

“ಚೆನ್ನಾಗಿದ್ರೂ ಹಾಕಲ್ವಾ?”

“ಚೆನ್ನಾಗಿದ್ರೆ ಜನ ತಾವೇ ಬರ್ತಾರೆ ಕಣೇ.”

ತಂಗಿ ಪತ್ರಿಕೆ ಮಡಚಿ ಚೀಲಕ್ಕೆ ಹಾಕಿಕೊಂಡು, ತಂದಿದ್ದ ಹಣ್ಣು ಮೇಜಿನ ಮೇಲಿಟ್ಟು ಹೋದಳು. ಜಗಳವಾಗಿದ್ದರೆ ಒಳ್ಳೆಯದಿತ್ತು. ಜಗಳವಾದರೆ ಒಂದು ದಿನ ರಾಜಿಯೂ ಆಗುತ್ತದೆ. ಇವರಿಬ್ಬರ ನಡುವೆ ಆಗಿದ್ದು ಜಗಳವಲ್ಲವಾದ್ದರಿಂದ ರಾಜಿ ಮಾಡಿಕೊಳ್ಳಲು ಏನೂ ಸಿಗಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತನ್ನು ನಾವೆಲ್ಲ ಆಡುತ್ತೇವೆ. ವಿಳಾಸಮ್ಮ ಅದನ್ನು ಇನ್ನೂ ಮುಂದಕ್ಕೆ ಒಯ್ದಳು. ಗಿಡವನ್ನು ಮುಟ್ಟಿಯೂ ನೋಡಲಿಲ್ಲ. ತಂಗಿಯ ಕಿತ್ತಳೆ ಕಾಫಿಯನ್ನು ಅವಳು ಕುಡಿಯಲೇ ಇಲ್ಲ. ವರ್ಷದ ಉಳಿದ ದಿನಗಳಲ್ಲಿ ಅಂಗಡಿಗೆ ಹೋಗುತ್ತಿದ್ದಳು, ಸಾದಾ ಕಾಫಿ ಕುಡಿದು, ಮನೆ ಮಠದ ಮಾತಾಡಿ ಬರುತ್ತಿದ್ದಳು. ರಜೆಯ ನಾಲ್ಕು ವಾರ ಮಾತ್ರ ಆ ಬೀದಿಗೆ ಕಾಲಿಡುತ್ತಿರಲಿಲ್ಲ. ಅವಳ ಲೆಕ್ಕಾಚಾರ ಹೀಗಿತ್ತು: ಕುಡಿದರೆ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಚೆನ್ನಾಗಿದೆ ಎಂದು ಗೊತ್ತಾದ ಮೇಲೆ ಹಾಕದೆ ಇದ್ದರೆ ಪಟ್ಟಿ ಸುಳ್ಳಾಗುತ್ತದೆ. ಹಾಕಿದರೆ ಪಕ್ಷಪಾತವಾಗುತ್ತದೆ. ಕುಡಿಯದೆ ಇದ್ದುಬಿಟ್ಟರೆ ಎರಡೂ ಇಲ್ಲ. ಇಷ್ಟು ನೆಟ್ಟಗೆ ಯೋಚಿಸಿ ಇಷ್ಟು ಸೊಟ್ಟಗೆ ಬದುಕುವುದು ಪ್ರಾಮಾಣಿಕರಿಗೆ ಮಾತ್ರ ಸಾಧ್ಯ.

ನಾಲ್ಕನೇ ವರ್ಷವೋ ಐದನೆಯದೋ, ಪಟ್ಟಿ ಅಚ್ಚಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಯಾವುದೋ ಕೆಲಸಕ್ಕೆ ಅಂಗಡಿಗೆ ಹೋಗಲೇಬೇಕಾಯಿತು. ತಂಗಿ ಕೇಳದೆಯೇ ಒಂದು ಲೋಟ ತಂದು ಮುಂದಿಟ್ಟಳು. ಆವಿ ಏಳುತ್ತಿತ್ತು, ಕಿತ್ತಳೆಯ ವಾಸನೆ ಮುಖಕ್ಕೆ ಬಡಿಯಿತು.

“ಪಟ್ಟಿ ಮುಗೀತಲ್ಲ ಅಕ್ಕ. ಈಗಾದ್ರೂ ಕುಡಿ.”

“ಬೇಡ ಕಣೇ. ಮುಂದಿನ ವರ್ಷ ಪಟ್ಟಿ ಮಾಡುವಾಗ ನೆನಪಾಗುತ್ತೆ. ಸಾದಾದ್ದು ಕೊಡು.”

ತಂಗಿ ಲೋಟ ತೆಗೆದುಕೊಂಡು ಹೋಗಿ ಸಿಂಕಿಗೆ ಸುರಿದಳು. ಬೇರೆ ಯಾರಿಗಾದರೂ ಕೊಡಬಹುದಿತ್ತು, ಹೊರಗೆ ಜನ ನಿಂತಿದ್ದರು. ಕೊಡಲಿಲ್ಲ. ಆಮೇಲೆ ಸಾದಾ ಕಾಫಿ ತಂದಿಟ್ಟು, ಮಗಳ ಹೊಲಿಗೆ ಕ್ಲಾಸಿನ ವಿಷಯ ಮಾತಾಡಿದಳು. ಅಂದಿನಿಂದ ಅವಳು ಅಕ್ಕನಿಗೆ ಕಿತ್ತಳೆ ಕಾಫಿ ಕೊಡಲಿಲ್ಲ.

ಸಂಪಾದಕರು ಒಂದೆರಡು ಸಲ ಹೇಳಿದ್ದುಂಟು. ಅವರು ತಂಗಿಯ ಅಂಗಡಿಗೆ ಹೋಗಿ ಕುಡಿದು ಬಂದಿದ್ದರು. “ವಿಳಾಸಮ್ಮ, ಊರಲ್ಲಿ ಅಂಥದ್ದು ಇನ್ನೊಂದಿಲ್ಲ. ಹಾಕಿ, ನಾನು ಜವಾಬ್ದಾರಿ.” ಅವಳು ನಕ್ಕು, “ನೀವು ಮೊದಲ ಪುಟ ನೋಡಿಕೊಳ್ಳಿ ಸರ್,” ಎಂದಿದ್ದಳು. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಅವಳ ಮುಖಕ್ಕೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳಿಗೋ ತನ್ನ ಕಟ್ಟುನಿಟ್ಟಿನ ಬಗ್ಗೆ ಒಳಗೊಳಗೇ ಹೆಮ್ಮೆ.

ಹನ್ನೊಂದು ರಜೆ ಹೀಗೆ ಹೋದವು.

ಹನ್ನೆರಡನೆಯ ವರ್ಷ ಬೇಸಿಗೆಯಲ್ಲಿ ತಂಗಿಗೆ ರೊಟ್ಟಿ ಗಂಟಲಲ್ಲಿ ನಿಲ್ಲತೊಡಗಿತು. ಆಮೇಲೆ ಅನ್ನ, ಆಮೇಲೆ ಗಂಜಿ. ಅನ್ನನಾಳದಲ್ಲಿ ಗಡ್ಡೆ ಎಂದರು. ಎದುರಿನ ಆಸ್ಪತ್ರೆಗೇ ಸೇರಿಸಿದರು. ಹತ್ತು ವರ್ಷ ಅವಳ ಕೈಯ ಕಾಫಿ ಕುಡಿದ ನರ್ಸುಗಳೇ ಅವಳಿಗೆ ಸೂಜಿ ಚುಚ್ಚಿದರು. ಅಂಗಡಿ ಮುಚ್ಚಿತು. ಎರಡು ತಿಂಗಳ ನಂತರ ಡಾಕ್ಟರು ಅಕ್ಕನನ್ನು ಹೊರಗೆ ಕರೆದು, “ಮನೆಗೆ ಕರೆದುಕೊಂಡು ಹೋಗಿ, ಈ ವರ್ಷ ದಾಟುವುದು ಕಷ್ಟ,” ಎಂದರು. ಅಕ್ಕ ತಲೆಯಾಡಿಸಿದಳು. ಕಾರಿಡಾರಿನ ಕೊನೆಯವರೆಗೆ ನಡೆದು ಹೋಗಿ ಅಲ್ಲಿ ಗೋಡೆ ಹಿಡಿದು ಅತ್ತಳು. ಮುಖ ತೊಳೆದುಕೊಂಡು ಬಂದು ತಂಗಿಗೆ, “ಮನೆಗೆ ಹೋಗಬಹುದಂತೆ,” ಎಂದಳು.

ಅಕ್ಕ ತಂಗಿಯ ಮನೆಯಲ್ಲೇ ಉಳಿದುಕೊಂಡಳು. ಕಚೇರಿಗೆ ಅಲ್ಲಿಂದಲೇ ಹೋಗಿ ಬರುತ್ತಿದ್ದಳು. ಒಂದು ದಿನ ಬಟ್ಟೆ ಮಡಚುತ್ತಾ ತಂಗಿಯ ಮಗಳು ಮಾತಿನ ನಡುವೆ ಹೇಳಿದಳು:

“ದೊಡ್ಡಮ್ಮ, ನಿಮ್ಮ ಪಟ್ಟಿ ಬರೋ ಶುಕ್ರವಾರ ಅಮ್ಮ ಅಂಗಡಿ ತೆಗೆಯೋಕೆ ಮುಂಚೆನೇ ಪೇಪರ್ ತರ್ತಿದ್ರು, ಗೊತ್ತಾ? ಪ್ರತಿ ವರ್ಷ. ಮೇಲಿಂದ ಕೆಳಗಿನ ತನಕ ಓದೋರು. ಆಮೇಲೆ ಪುಟ ತಿರುಗಿಸಿ ಹಿಂದೆ ನೋಡೋರು, ಅಲ್ಲೇನಾದ್ರೂ ಮುಂದುವರಿದಿದ್ಯಾ ಅಂತ.”

“ಪ್ರತಿ ವರ್ಷ?”

“ಹೋದ ವರ್ಷಾನೂ.”

ವಿಳಾಸಮ್ಮನ ಕೈಯಲ್ಲಿದ್ದ ಟವೆಲು ಹಾಗೇ ಉಳಿಯಿತು. ತಂಗಿ ಕೇಳುವುದನ್ನು ಬಿಟ್ಟಿದ್ದಾಳೆ ಎಂದರೆ ಬಯಸುವುದನ್ನೂ ಬಿಟ್ಟಿದ್ದಾಳೆ ಎಂದೇ ಅವಳು ತಿಳಿದಿದ್ದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆ ದಿನವೇ ನಿರ್ಧಾರ ಮಾಡಿದಳು: ಈ ವರ್ಷದ ಪಟ್ಟಿಯಲ್ಲಿ ತಂಗಿಯ ಅಂಗಡಿ ಇರಬೇಕು, ಅದನ್ನು ತಂಗಿ ತನ್ನ ಕಣ್ಣಾರೆ ಓದಬೇಕು. ಪಟ್ಟಿಗೆ ಇನ್ನೂ ಐದು ವಾರ ಇತ್ತು. ತಂಗಿಗೆ ಎಷ್ಟಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಹೇಳಿದಾಗ ತಂಗಿ ಮೊದಲು ನಕ್ಕಳು. ದನಿ ಆಗಲೇ ಸಣ್ಣದಾಗಿತ್ತು.

“ಮುಚ್ಚಿದ ಅಂಗಡೀನ ಹೇಗೆ ಹಾಕ್ತೀಯ? ಜನ ಬಂದು ಬೀಗ ನೋಡ್ಕೊಂಡು ಹೋಗ್ಲಿ ಅಂತಾನಾ? ಬೇಡಪ್ಪ. ನನ್ನಿಂದ ನಿನ್ನ ಪಟ್ಟಿ ಸುಳ್ಳಾಗೋದು ಬೇಡ.”

“ತೆಗೆಯೋಣ ಅಂಗಡೀನ,” ಎಂದಳು ಮಗಳು, ಬಾಗಿಲಲ್ಲಿ ನಿಂತು. “ನಾನು ತೆಗೀತೀನಿ.”

ಈ ಮಗಳು ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಕಾಫಿ ಅಂಗಡಿಯವಳ ಮಗಳಾದರೂ ಅವಳಿಗೆ ಕಾಫಿ ಆಗುತ್ತಿರಲಿಲ್ಲ; ಚಿಕ್ಕಂದಿನಿಂದ ಒಂದು ಗುಟುಕು ಒಳಗೆ ಹೋದರೆ ವಾಂತಿ. ಡ್ರೈವರುಗಳಿಗೆ ಇದೊಂದು ದೊಡ್ಡ ತಮಾಷೆಯಾಗಿತ್ತು. ಕಾಫಿ ಮಾಡುವುದನ್ನು ನೋಡಿದ್ದಳು, ಕಿತ್ತಳೆ ಸುಲಿದು ಕೊಟ್ಟಿದ್ದಳು, ಅಷ್ಟೇ. ಅಮ್ಮ ಹಾಸಿಗೆಯಲ್ಲಿ ಮಲಗಿ ಹೇಳಿದ್ದನ್ನು ಬರೆದುಕೊಂಡಳು. ಬರೆದುಕೊಳ್ಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಸಕ್ಕರೆ ಎಷ್ಟು ಎಂದರೆ, “ಕೈಗೆ ಬಂದಷ್ಟು.” ಎಷ್ಟು ಹೊತ್ತು ಸುಡಬೇಕು ಎಂದರೆ, “ವಾಸನೆ ತಿರುಗೋ ತನಕ.” ಯಾವ ಕಡೆಗೆ ತಿರುಗಬೇಕಮ್ಮ ಎಂದರೆ ತಂಗಿ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, “ಗೊತ್ತಾಗುತ್ತೆ,” ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ವಿಳಾಸಮ್ಮ ರಜೆ ಹಾಕಿದಳು. ದೊಡ್ಡಮ್ಮನೂ ಮಗಳೂ ಅಂಗಡಿಯ ಬಾಗಿಲು ಒಳಗಿನಿಂದ ಹಾಕಿಕೊಂಡು ಒಂಬತ್ತು ದಿನ ಸಕ್ಕರೆ ಸುಟ್ಟರು. ಮೊದಲ ದಿನದ್ದು ಇದ್ದಿಲು. ಎರಡನೇ ದಿನದ್ದು ಬರೀ ಸಿಹಿ. ನಾಲ್ಕನೇ ದಿನ ಸಿಪ್ಪೆ ಸರಿಯಾಗಿ ಒಣಗಿರಲಿಲ್ಲ. ಆರನೇ ದಿನದ್ದು ಕುಡಿಯುವಂತಿತ್ತು, ಎಂಟನೇ ದಿನದ್ದು ಚೆನ್ನಾಗಿತ್ತು. ಪ್ರತಿಯೊಂದನ್ನೂ ವಿಳಾಸಮ್ಮ ಒಣ ಬ್ರೆಡ್ಡು ಅಗಿದು, ನಾಲಿಗೆ ಸ್ವಚ್ಛ ಮಾಡಿಕೊಂಡು, ಪೂರ್ತಿ ಲೋಟ ಕುಡಿದಳು. ಕಹಿ ಒಂದು ಗುಲಗಂಜಿ ಹೆಚ್ಚಾಯಿತು, ಸಿಪ್ಪೆ ಅರ್ಧ ನಿಮಿಷ ಬೇಗ ಬಿತ್ತು ಎಂದು ಹೇಳುತ್ತಿದ್ದಳು. ಎಲ್ಲ ಹೇಳಬಲ್ಲಳು. ಒಂದನ್ನು ಮಾತ್ರ ಹೇಳಲಾರಳು.

ಒಂಬತ್ತನೇ ದಿನ ಮಗಳು ಅದನ್ನೇ ಕೇಳಿದಳು. “ದೊಡ್ಡಮ್ಮ, ಅಮ್ಮಂದು ಹೀಗೇ ಇತ್ತಾ?”

ಮಗಳ ಕೈಯ ಮೇಲೆ ಎರಡು ಕಡೆ ಸಕ್ಕರೆ ಸಿಡಿದ ಗುಳ್ಳೆ. ಮುಖದಲ್ಲಿ ಅಷ್ಟು ಆಸೆ. ವಿಳಾಸಮ್ಮ ಲೋಟದೊಳಗೆ ನೋಡಿದಳು.

“ನಾನ್ಯಾಕೆ ಹೇಳ್ಲಿ? ಮಾಡಿದೋಳೇ ಇದ್ದಾಳಲ್ಲ. ಅವಳೇ ಹೇಳ್ಲಿ,” ಎಂದಳು.

ಫ್ಲಾಸ್ಕಿಗೆ ತುಂಬಿಸಿಕೊಂಡು ಇಬ್ಬರೂ ಮನೆಗೆ ಹೋದರು. ಆ ಹೊತ್ತಿಗೆ ತಂಗಿಗೆ ನೀರನ್ನೂ ಚಮಚದಲ್ಲಿ ಕೊಡಬೇಕಿತ್ತು. ಅದೂ ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಚುವುದೇ ಹೆಚ್ಚು. ದಿಂಬು ಒರಗಿಸಿ ಕೂರಿಸಿದರು. ಮಗಳು ಅರ್ಧ ಚಮಚ ಕಾಫಿ ಆರಿಸಿ ತುಟಿಗಿಟ್ಟಳು.

“ಇದೇ,” ಎಂದಳು ತಂಗಿ. “ಇದೇ ಕಣೇ. ಹೀಗೇ ಇತ್ತು.”

ಮಗಳು ಅಳುತ್ತಾ ನಗುತ್ತಾ ಅಡುಗೆಮನೆಗೆ ಓಡಿದಳು. ವಿಳಾಸಮ್ಮ ಮಾತ್ರ ಒಂದು ವಿಷಯ ಗಮನಿಸಿದಳು. ಇಪ್ಪತ್ತೆರಡು ವರ್ಷ ರುಚಿ ನೋಡಿದವಳಿಗೆ ಅದು ಕಾಣದೆ ಇರುವುದು ಸಾಧ್ಯವಿರಲಿಲ್ಲ. ಚಮಚ ಬಾಯಿಂದ ಹೊರಗೆ ಬರುವ ಮುಂಚೆಯೇ ತಂಗಿ ‘ಇದೇ’ ಎಂದಿದ್ದಳು. ರುಚಿ ನೋಡುವವರು ಹಾಗೆ ಹೇಳುವುದಿಲ್ಲ. ನಾಲಿಗೆಯ ಮೇಲೆ ನಿಲ್ಲಿಸುತ್ತಾರೆ, ಕಾಯುತ್ತಾರೆ. ಇರಲಿ, ಕಾಯಿಲೆಯವಳು, ನೋವಿರಬಹುದು ಎಂದುಕೊಂಡಳು. ಬೇರೆಯವರ ಅಂಗಡಿಯಾಗಿದ್ದರೆ ಇಂಥ ಅನುಮಾನ ಹುಟ್ಟಿದ ಮೇಲೆ ಇನ್ನೊಂದು ಸಲ ಹೋಗಿ ಕುಡಿಯದೆ ಅವಳು ಪೆನ್ನು ಎತ್ತುತ್ತಿರಲಿಲ್ಲ. ಇಲ್ಲಿ ಇನ್ನೊಂದು ಸಲ ಹೋಗುವುದು ಎಲ್ಲಿಗೆ?

“ಹಾಕ್ತೀಯಾ?” ತಂಗಿ ಕೇಳಿದಳು.

“ಹಾಕ್ತೀನಿ.”

“ತಂಗಿ ಅಂಗಡಿ ಅಂತ ಜನ ಆಡಿಕೊಂಡ್ರೆ?”

“ಆಡಿಕೊಳ್ಲಿ ಬಿಡು.”

“ಹೀಗೇ ಹನ್ನೊಂದು ವರ್ಷದ ಹಿಂದೆ ಅನ್ನಬಾರದಿತ್ತಾ ಅಕ್ಕ,” ಎಂದಳು ತಂಗಿ. ಕೋಪ ಇರಲಿಲ್ಲ ಆ ಮಾತಿನಲ್ಲಿ. ಚಿಕ್ಕವಳಿದ್ದಾಗ ಜಡೆ ಬಿಗಿಯಾಯಿತು ಎಂದು ದೂರುವ ಹಾಗೆ ಹೇಳಿದಳು. ತಂಗಿಯ ಪಾದ ತಣ್ಣಗಿದ್ದವು. ಅವನ್ನು ವಿಳಾಸಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.

ಅಂಗಡಿ ತೆರೆಯಿತು, ಪಟ್ಟಿಯೂ ತಯಾರಾಯಿತು. ಉಳಿದ ಇಪ್ಪತ್ತೊಂಬತ್ತು ಅಂಗಡಿಗಳಿಗೆ ಅವಳು ಓಡಾಡಿದ ಪರಿ ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು. ಕುಡಿಯುವುದು, ಬರೆಯುವುದು, ಮನೆಗೆ ಓಡಿ ಬಂದು ತಂಗಿ ಉಸಿರಾಡುತ್ತಿದ್ದಾಳಾ ಎಂದು ನೋಡುವುದು. ಆ ಶುಕ್ರವಾರದವರೆಗೆ ತಡೆದುಕೋ ತಾಯಿ ಎಂದು ಬಾಗಿಲಲ್ಲೇ ನಿಂತು ಮನಸ್ಸಿನಲ್ಲೇ ಬೇಡಿಕೊಳ್ಳುವುದು.

ತಂಗಿ ತಡೆದುಕೊಂಡಳು.

ಶುಕ್ರವಾರ ಬೆಳಿಗ್ಗೆ ಪತ್ರಿಕೆಯನ್ನು ಓದಿ ಹೇಳುತ್ತೇನೆ ಎಂದು ಅಕ್ಕ ಅಂದರೆ ತಂಗಿ ಒಪ್ಪಲಿಲ್ಲ. ಕನ್ನಡಕ ಹಾಕಿಸಿಕೊಂಡಳು. ತನ್ನ ಅಂಗಡಿ ಒಂಬತ್ತನೆಯದು ಎಂದು ಅಕ್ಕ ಬೆರಳಿಟ್ಟು ತೋರಿಸಿದರೂ ಬೆರಳನ್ನು ಸರಿಸಿ ಮೊದಲನೆಯದರಿಂದ ಶುರು ಮಾಡಿದಳು. ಮಗಳು ಪುಟ ಹಿಡಿದಿದ್ದಳು. ಒಂದೊಂದು ಅಂಗಡಿಗೂ ಒಂದೊಂದು ನಿಮಿಷ. ಒಂಬತ್ತನೆಯದಕ್ಕೆ ಬಂದಾಗ ತುಟಿ ಅಲ್ಲಾಡತೊಡಗಿದವು.

‘ಕಿತ್ತಳೆ ಕಾಫಿ: ಸುಟ್ಟ ಸಕ್ಕರೆ, ಒಣಗಿದ ಸಿಪ್ಪೆ, ಗಟ್ಟಿ ಕಾಫಿ, ಬೇರೇನಿಲ್ಲ, ಬೇರೇನೂ ಬೇಕಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿ, ಬೀಗ ರಿಪೇರಿಯವರ ಪಕ್ಕದ ಹಸಿರು ಬಾಗಿಲು, ಮೂರು ಮೆಟ್ಟಿಲು ಇಳಿಯಿರಿ, ತಲೆ ಜೋಪಾನ.’

“ಎರಡೇ ಸಾಲಾ?” ಎಂದಳು ತಂಗಿ.

“ಎಲ್ಲರಿಗೂ ಎರಡೇ.”

ತಂಗಿ ಮತ್ತೊಮ್ಮೆ ಓದಿದಳು. “ತಲೆ ಜೋಪಾನ ಅಂತ ಬೇರೆ ಯಾರಿಗೂ ಹಾಕಿಲ್ಲ ನೀನು,” ಎಂದಳು. ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಉಳಿದ ಇಪ್ಪತ್ತೊಂದನ್ನೂ ಓದಿ ಮುಗಿಸಿದಳು. ಆ ದಿನವೆಲ್ಲ ಪತ್ರಿಕೆ ಅವಳ ಹೊದಿಕೆಯ ಮೇಲೆಯೇ ಇತ್ತು.

ಸೋಮವಾರ ಬೆಳಿಗ್ಗೆ ತಂಗಿ ಹೋದಳು. ಅಕ್ಕನೂ ಮಗಳೂ ಎರಡೂ ಕಡೆ ಕೂತಿದ್ದರು. ಹೆಚ್ಚು ಕಷ್ಟಪಡಲಿಲ್ಲ.

ಮೂರು ದಿನ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿತ್ತು. ಗುರುವಾರ ತೆರೆದರು. ಇಷ್ಟು ಬೇಗ ಯಾಕೆ ಎಂದು ನೆರೆಹೊರೆಯವರು ಮೂಗು ಮುರಿದರು. ರಜೆ ಮುಗಿಯುವವರೆಗೆ ಇರುತ್ತದೆ ಎಂದು ಪಟ್ಟಿಯ ತಲೆಬರಹದಲ್ಲೇ ಬರೆದಾಗಿದೆ, ಜನ ಅದನ್ನು ನಂಬಿ ಬರುತ್ತಾರೆ ಎಂದಳು ವಿಳಾಸಮ್ಮ. ಮಗಳು ಒಲೆಯ ಮುಂದೆ ನಿಂತಳು, ದೊಡ್ಡಮ್ಮ ಲೋಟ ತೊಳೆದಳು. ಜನ ಬಂದರು. ಪತ್ರಿಕೆಯ ತುಂಡು ಕೈಯಲ್ಲಿ ಹಿಡಿದು, ಮೆಟ್ಟಿಲು ಎಣಿಸಿ, ತಲೆ ಬಗ್ಗಿಸಿ ಬಂದರು. ಕುಡಿದವರು ಇನ್ನೊಂದು ಕೇಳಿದರು. ಮಗಳ ಮುಖಕ್ಕೆ ಸ್ವಲ್ಪ ಬಣ್ಣ ಬಂತು.

ಮಧ್ಯಾಹ್ನ ಒಬ್ಬ ಡ್ರೈವರು ಬಂದ. ಐವತ್ತು ದಾಟಿದ ಮನುಷ್ಯ, ಖಾಕಿ ಅಂಗಿಯ ಮೇಲೆ ಸ್ವೆಟರು. ತಲೆ ಬಗ್ಗಿಸಲು ಅವನಿಗೆ ಪಟ್ಟಿ ಬೇಕಾಗಿರಲಿಲ್ಲ; ಪೈಪು ಎಲ್ಲಿದೆ ಎಂದು ಗೊತ್ತಿದ್ದವನ ಹಾಗೆ ಬಂದು ಮೂಲೆಯ ಸ್ಟೂಲಿನಲ್ಲಿ ಕೂತ. ವಿಷಯ ಹೊರಗೇ ಕೇಳಿಸಿಕೊಂಡಿದ್ದ. ಮಗಳಿಗೆ ಎರಡು ಸಮಾಧಾನದ ಮಾತು ಹೇಳಿದ. ಲೋಟ ಬಂತು. ಒಂದು ಗುಟುಕು ಕುಡಿದು ಅದನ್ನು ಕೌಂಟರಿನ ಮೇಲಿಟ್ಟ. ಕಿಟಕಿಯ ಕಡೆ ನೋಡಿದ. ಮತ್ತೆ ಎತ್ತಿಕೊಂಡು ಪೂರ್ತಿ ಕುಡಿದ.

“ಚೆನ್ನಾಗಿದೆ ಮಗು,” ಎಂದ.

ಇದನ್ನೆಲ್ಲ ವಿಳಾಸಮ್ಮ ಸಿಂಕಿನ ಬಳಿಯಿಂದ ನೋಡುತ್ತಿದ್ದಳು. ಅವನು ಹೊರಟಾಗ ಒದ್ದೆ ಕೈಯಲ್ಲೇ ಹಿಂದೆ ಹೋಗಿ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದಳು.

“ನಿಜ ಹೇಳಿ. ಅವಳದ್ದರ ಹಾಗೆ ಇದ್ಯಾ?”

ಡ್ರೈವರು ಒಳಗೆ ಮಗಳ ಕಡೆ ನೋಡಿ ದನಿ ತಗ್ಗಿಸಿದ. “ಬೇಜಾರು ಮಾಡ್ಕೋಬೇಡಿ ಅಮ್ಮ. ಚೆನ್ನಾಗಿಲ್ಲ ಅಂತಲ್ಲ. ಚೆನ್ನಾಗೇ ಇದೆ. ಆದ್ರೆ ಇದು ಅದಲ್ಲ.”

“ಸ್ವಲ್ಪ ವ್ಯತ್ಯಾಸವಾ?”

“ಸ್ವಲ್ಪ ಅಲ್ಲ.” ಅವನಿಗೇ ಸಂಕಟವಾಯಿತು. “ಪೂರ್ತಿ ಬೇರೆ.”

ತಂಗಿಗೆ ಗೊತ್ತಿತ್ತು. ಚಮಚ ಬಾಯಲ್ಲಿರುವಾಗಲೇ ಗೊತ್ತಿತ್ತು. ಮಗಳ ಕೈಯ ಗುಳ್ಳೆ ನೋಡಿ, ಅಕ್ಕನ ಮುಖ ನೋಡಿ, ಇದೇ ಎಂದಿದ್ದಳು.

“ಹೇಗಿತ್ತು ಅವಳದ್ದು?” ಎಂದು ವಿಳಾಸಮ್ಮ ಕೇಳಿದಳು. “ಹೇಳಿ ನನಗೆ. ಕಹಿ ಮುಂದೆ ಬರ್ತಿತ್ತಾ, ಹಿಂದೆ ಬರ್ತಿತ್ತಾ? ಕಿತ್ತಳೆ ಮೂಗಿಗೆ ಸಿಗ್ತಿತ್ತಾ, ನಾಲಿಗೆಗಾ? ಕೊನೇಲಿ ಏನು ಉಳೀತಿತ್ತು ಬಾಯಲ್ಲಿ?”

ಡ್ರೈವರು ತಲೆ ಕೆರೆದುಕೊಂಡ. ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಬಾಯಿ ತೆರೆದ, ಕೈಯಲ್ಲಿ ಏನೋ ತೋರಿಸಲು ಹೋದ, ಕೈ ಕೆಳಗಿಳಿಸಿದ. “ಅದೆಲ್ಲ ನನಗೆ ಹೇಳೋಕೆ ಬರಲ್ಲಮ್ಮ. ಬೆಳಿಗ್ಗೆ ಗಾಡಿ ತೆಗೆಯೋಕೆ ಮುಂಚೆ ಬರ್ತಿದ್ದೆ, ಕುಡೀತಿದ್ದೆ, ಹೋಗ್ತಿದ್ದೆ. ಚೆನ್ನಾಗಿರ್ತಿತ್ತು, ಅಷ್ಟೇ ಗೊತ್ತು.” ಆಮೇಲೆ ಏನೋ ಹೊಳೆದವನ ಹಾಗೆ ಅವಳನ್ನು ನೋಡಿದ. “ನೀವು ಅವರ ಅಕ್ಕ ಅಲ್ವಾ? ಪೇಪರಲ್ಲಿ ಬರೆಯೋರು? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ನನ್ನ ಕೇಳ್ತೀರಲ್ಲ!”

“ನಾನು ಕುಡಿದಿಲ್ಲ,” ಎಂದಳು ವಿಳಾಸಮ್ಮ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. “ಹನ್ನೊಂದು ವರ್ಷ ಮಾಡಿದ್ಲು. ಒಂದು ಸಲಾನೂ ಕುಡಿದಿಲ್ಲ.”

ಮೇಲೆ ನಿಲ್ದಾಣದಲ್ಲಿ ಡ್ರೈವರಿನ ಬಸ್ಸಿಗೆ ಹೊತ್ತಾಗಿತ್ತು, ಆದರೂ ನಿಂತ. ತಗ್ಗಿದ ಮೆಟ್ಟಿಲಲ್ಲಿ, ಒದ್ದೆ ಕೈಗಳನ್ನು ಸೆರಗಿಗೂ ಒರೆಸಿಕೊಳ್ಳದೆ ಆ ಹೆಂಗಸು ಅಳುತ್ತಿದ್ದಳು.

“ಚೆನ್ನಾಗಿತ್ತಮ್ಮ,” ಎಂದ ಅವನು ಮತ್ತೆ, ಬೇರೆ ಮಾತು ಸಿಗದೆ. “ತುಂಬಾ ಚೆನ್ನಾಗಿತ್ತು.”